ಫ್ಲೈಟ್‌ಗೆ ಮುಂಚೆ ನಾಯಿಗೆ ನಿದ್ದೆ ಮಾತ್ರೆ? ಕೊಡ್ಬೇಡಿ
ಮೈಸೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಫ್ಲೈಟ್‌ಗೆ ಮುಂಚೆ ನಾಯಿಗೆ ನಿದ್ದೆ ಮಾತ್ರೆ ಕೊಡಿ, ಇಳಿಯೋ ತನಕ ತೆಪ್ಪಗೆ ಮಲಗಿರುತ್ತೆ, ಯಾವ ಏರ್‌ಲೈನ್ ಆದ್ರೂ ಹತ್ತಿಸಿಕೊಳ್ತಾರೆ ಅಂತ. ಎರಡೂ ತಪ್ಪು.

ಮೊದಲು ಮಾತ್ರೆ ವಿಷಯ. ಮಂಪರು ಬರಿಸೋ ಔಷಧಿ ಬಿಪಿ ಇಳಿಸುತ್ತೆ, ಉಸಿರಾಟ ನಿಧಾನ ಮಾಡುತ್ತೆ, ಮೈ ಶಾಖ ಹತೋಟಿಲಿ ಇಟ್ಕೊಳೋಕೂ ನಾಯಿಗೆ ಕಷ್ಟ ಆಗುತ್ತೆ, ಅದ್ರಲ್ಲೂ ಕಾರ್ಗೋಲಿ ಹಾಕಿದ್ರೆ ಮೇಲೆ ಹಾರ್ತಿರೋವಾಗ ಏನಾದ್ರೂ ಆದ್ರೆ ನೋಡೋರು ಯಾರೂ ಇರಲ್ಲ. ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂತಿಯವಕ್ಕಂತೂ ಸುಮ್ನೆ ಇದ್ರೂ ಏದುಸಿರು, ಇನ್ನು ಮಾತ್ರೆ ಬೇರೆ! ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ, ಅಮೆರಿಕದ ಪಶುವೈದ್ಯರ ಸಂಘ ಎವಿಎಂಎ, ಇಬ್ರೂ ಸಾಮಾನ್ಯವಾಗಿ ಬೇಡ ಅಂತಾನೇ ಹೇಳೋದು.

ನಿಜವಾಗ್ಲೂ ಉಪಯೋಗಕ್ಕೆ ಬರೋದು ಕ್ರೇಟ್, ಅಂದ್ರೆ ನಾಯಿನ ಸಾಗಿಸೋ ಪೆಟ್ಟಿಗೆ, ಅದರ ಅಭ್ಯಾಸ. ನಾಯಿ ಒಳಗೆ ನಿಂತು, ತಿರುಗಿ, ಆರಾಮಾಗಿ ಮಲಗೋಷ್ಟು ದೊಡ್ಡದು ತಗೊಂಡು ವಾರಗಳ ಮುಂಚೇನೇ ಮನೇಲಿಟ್ಟು ಊಟ ಅದರೊಳಗೇ ಹಾಕಿ, ಅದು ಮಲಗೋ ಹಳೇ ಬೆಡ್‌ಶೀಟ್ ಹಾಸಿ, ಆಮೇಲೆ ಕಾರಲ್ಲಿ ಶ್ರೀರಂಗಪಟ್ಟಣದ ತನಕ ಒಂದ್ ರೌಂಡ್ ಹೊಡೆಸಿ. ಹೊರಡೋ ದಿನ ಹೊಸ ಡಬ್ಬಕ್ಕೆ ತುರುಕಿದ್ರೆ ಯಾರಾದ್ರೂ ಕಿರುಚ್ತಾರೆ ಕಣ್ರೀ.

ಏರ್‌ಲೈನ್ ವಿಷಯಕ್ಕೆ ಬಂದ್ರೆ ಇಂಡಿಗೋ ಸಾಕುನಾಯಿ ಹತ್ತಿಸಲ್ಲ, ಏರ್ ಇಂಡಿಯಾ, ಆಕಾಸದವರು ತೂಕ, ಕ್ರೇಟ್ ಸೈಜು, ರೇಬೀಸ್ ಲಸಿಕೆ ದಾಖಲೆ, ಡಾಕ್ಟರ್ ಸರ್ಟಿಫಿಕೇಟ್ ನೋಡ್ತಾರೆ, ಅದಕ್ಕೇ ನಿಮ್ಮ ಟಿಕೆಟ್ ಬುಕ್ ಮಾಡೋ ಮುಂಚೆನೇ ಫೋನ್ ಮಾಡಿ ಕೇಳ್ಕೊಳ್ಳಿ. ನಾಯಿ ತುಂಬಾ ಹೆದರೋದಾದ್ರೆ ಅದನ್ನ ಪರೀಕ್ಷೆ ಮಾಡಿರೋ ಡಾಕ್ಟರ್ ಹತ್ರಾನೇ ಮಾತಾಡಿ, ಮೆಡಿಕಲ್ ಸ್ಟೋರ್‌ನವರನ್ನ ಕೇಳ್ಬೇಡಿ.