ಒಂದೂವರೆ ಲಕ್ಷದ ಆಂಪ್ಲಿಗಿಂತ ಮೊದಲು ನಿಮ್ಮ ಕೋಣೆ ನೋಡಿ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಹಾಡು ಕೇಳುವ ಹುಚ್ಚಿನವರಿಗೆ ಬರ ಇಲ್ಲ. ಅವರಲ್ಲಿ ಕೆಲವರಿಗೆ ಹಾಡಿನ ಜೊತೆ ಸಾಮಾನಿನ ಹುಚ್ಚೂ ಹತ್ತಿರುತ್ತದೆ. ನಾನು ಆ ಪೈಕಿ. ಹೀಗಾಗಿ ಪರಿಚಯದವರಲ್ಲಿ ಯಾರೇ ಹೊಸ ಆಂಪ್ಲಿಫೈಯರ್ ತಗೊಳ್ಳೋದಿದ್ದರೂ ನನಗೊಂದು ಫೋನ್ ಬರುತ್ತದೆ. ಈ ಸಲ ಮಾಡಿದವನು ನಮ್ಮ ಅಕ್ಕನ ಮಗ. "ಮಾಮಾ, ಒಂದೂವರೆ ಲಕ್ಷದ್ದೊಂದು ಆಂಪ್ಲಿ ನೋಡೇನಿ. ಭಾಳ ಫರಕ್ ಆಗ್ತದಂತ. ತಗೊಳ್ಳೇನು?"

ಬ್ಯಾಡ ಅಂದೆ. ಅವನಿಗೆ ಸಿಟ್ಟು ಬಂತು. ಒಂದು ಮಾತಲ್ಲಿ ಮುಗಿಸಿಬಿಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಅದಕ್ಕೆ ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ನಾಳೆ ಇನ್ನೊಬ್ಬರು ಕೇಳಿದರೆ ಇದನ್ನೇ ಕಳಿಸಬಹುದು.

ಮೊದಲು ಅವನ ಮನೆಯ ಸ್ಥಿತಿ ಹೇಳುತ್ತೇನೆ. ಸುಮಾರು 40 ಸಾವಿರದ ಆಂಪ್ಲಿ, 60 ವ್ಯಾಟ್. ಒಳ್ಳೆಯದೇ, ರಿಪೇರಿಗೂ ಬಂದಿಲ್ಲ. ಅದಕ್ಕೆ ಜೋಡಿಸಿದ್ದು 15 ಸಾವಿರದ ಸಣ್ಣ ಸ್ಪೀಕರ್ ಬಾಕ್ಸುಗಳು. 10 ಅಡಿಗೆ 12 ಅಡಿ ಕೋಣೆ. ನೆಲಕ್ಕೆ ನುಣ್ಣನೆ ಟೈಲ್ಸ್, ಒಂದು ಗೋಡೆಗೆ ದೊಡ್ಡ ಗಾಜಿನ ಕಿಟಕಿ, ಉಳಿದದ್ದು ಬೋಳು. ಚಪ್ಪಾಳೆ ತಟ್ಟಿದರೆ ಕೋಣೆಯೇ ತಿರುಗಿ ಚಪ್ಪಾಳೆ ತಟ್ಟುತ್ತದೆ. ಬಾಕ್ಸುಗಳು ಎರಡು ಮೂಲೆಗೆ ಒತ್ತಿಕೊಂಡು ಕೂತಿವೆ. ಇವನು ಸೋಫಾದಲ್ಲಿ ಹಿಂದಿನ ಗೋಡೆಗೆ ತಲೆ ಆನಿಸಿ ಕೇಳುತ್ತಾನೆ. ಈ ಚಿತ್ರದಲ್ಲಿ ಆಂಪ್ಲಿಯೊಂದೇ ತಪ್ಪಿಲ್ಲದ ಸಾಮಾನು. ಅದನ್ನೇ ಬದಲಿಸಲು ಹೊರಟಿದ್ದಾನೆ!

ಎಲ್ಲರೂ ಮೊದಲು ಕೇಳುವುದು ವ್ಯಾಟ್. ತೊಂಬತ್ತರ ದಶಕದ ಟೂ-ಇನ್-ಒನ್‌ಗಳು ನೆನಪಿವೆಯಾ? ಮೈಮೇಲೆ ಮಿರಮಿರ ಮಿನುಗುವ ಸ್ಟಿಕರ್, 1000 ವ್ಯಾಟ್ ಪಿಎಂಪಿಒ ಎಂಬ ಉಬ್ಬಿಸಿದ ಲೆಕ್ಕ. ಒಳಗೆ ನಾಲ್ಕೈದು ವ್ಯಾಟ್ ಇದ್ದರೆ ಪುಣ್ಯ. ಆ ರೋಗ ನಮ್ಮನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದೂ ಎರಡು ಪಟ್ಟಾಗುತ್ತದೆ ಎಂದು ಜನ ತಿಳಿದಿರುತ್ತಾರೆ. ಹಾಗಾಗುವುದಿಲ್ಲ. 60 ವ್ಯಾಟ್ ಇದ್ದದ್ದು 120 ಆದರೆ ಸಿಗುವುದು ಬರೀ 3 ಡೆಸಿಬೆಲ್. ಗೊತ್ತಾಗುತ್ತದೆ, ಆದರೆ ಸ್ವಲ್ಪ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಇನ್ನೊಂದು ಲೆಕ್ಕ ನೋಡಿ. ಬಾಕ್ಸಿನ ಹಿಂದೆ ಅಥವಾ ಪುಸ್ತಿಕೆಯಲ್ಲಿ ಸೆನ್ಸಿಟಿವಿಟಿ ಎಂದು ಒಂದು ಅಂಕಿ ಇರುತ್ತದೆ. 87 ಡೆಸಿಬೆಲ್ ಎಂದಿದ್ದರೆ, 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದರ್ಥ. ಎದುರುಬದುರು ಕೂತು ಮಾತಾಡುವ ಸದ್ದು 60ರ ಆಸುಪಾಸು. ಕೋಣೆಯಲ್ಲಿ ಎಂಟು ಅಡಿ ದೂರ ಕೂತು, ಮನೆಯವರು ಬೈಯದಷ್ಟು ಸದ್ದಿನಲ್ಲಿ ಖಯಾಲ್ ಕೇಳುವಾಗ ಆಂಪ್ಲಿ ಕೊಡುತ್ತಿರುವುದು ಅರ್ಧ ವ್ಯಾಟೂ ಅಲ್ಲ. ತಬಲಾದ ಒಂದು ಜೋರು ಪೆಟ್ಟಿಗೆ ಕ್ಷಣಮಾತ್ರ ನೂರು ಪಟ್ಟು ಬೇಕಾದೀತು ಅನ್ನಿ. ಆಗಲೂ 60 ವ್ಯಾಟ್ ಸಾಕಾಗುತ್ತದೆ. 1978ರಲ್ಲಿ ಬಂದ ಎನ್‌ಎಡಿ 3020 ಎಂಬ ಆಂಪ್ಲಿ ಬರೀ 20 ವ್ಯಾಟಿನದು. ಅದನ್ನು ಇವತ್ತಿಗೂ ಹುಡುಕಿಕೊಂಡು ಹೋಗಿ ತಗೊಳ್ಳುವವರಿದ್ದಾರೆ.

"ವ್ಯಾಟ್ ಬಿಡ್ರಿ ಮಾಮಾ, ಕ್ವಾಲಿಟಿ ಅಂತ ಒಂದು ಇರ್ತದಲ್ಲ" ಅಂದ. ಇರುತ್ತದೆ. ಆದರೆ ಆಂಪ್ಲಿಯ ಕೆಲಸ ಏನು? ಒಳಗೆ ಬಂದದ್ದನ್ನು ದೊಡ್ಡದು ಮಾಡಿ ಹೊರಗೆ ಕೊಡುವುದು, ತನ್ನ ಕಡೆಯಿಂದ ಏನೂ ಸೇರಿಸದೆ. ಈ ಕೆಲಸ ಎಂಜಿನಿಯರುಗಳಿಗೆ ದಶಕಗಳ ಹಿಂದೆಯೇ ಒಲಿದಿದೆ. ಈಗಿನ ಸಾಧಾರಣ ಒಳ್ಳೆ ಆಂಪ್ಲಿಯಲ್ಲೂ ಡಿಸ್ಟಾರ್ಷನ್, ಅಂದರೆ ಅದು ಸದ್ದಿಗೆ ಸೇರಿಸುವ ಕಲಬೆರಕೆ, ನೂರಕ್ಕೆ 0.01ರ ಹತ್ತಿರ ಇರುತ್ತದೆ. ಅದೇ ಬಾಕ್ಸುಗಳಲ್ಲಿ, ಅದೂ ಕೆಳಗಿನ ಸ್ವರಗಳಲ್ಲಿ, ನೂರಕ್ಕೆ ಒಂದು ದಾಟುವುದು ಮಾಮೂಲು. ಆ 0.01ನ್ನು 0.001 ಮಾಡಲು ಲಕ್ಷ ಸುರಿಯುವುದು ನನ್ನ ತಲೆಗೆ ಹೋಗುವುದಿಲ್ಲ.

ಇದು ನನ್ನೊಬ್ಬನ ಹಟ ಅಂದುಕೊಳ್ಳಬೇಡಿ. 1987ರಲ್ಲಿ ಅಮೆರಿಕದ ಸ್ಟೀರಿಯೊ ರಿವ್ಯೂ ಪತ್ರಿಕೆಯವರು 220 ಡಾಲರಿನ ರಿಸೀವರಿನಿಂದ ಹಿಡಿದು 12 ಸಾವಿರ ಡಾಲರಿನ ವಾಲ್ವ್ (ಹಳೆ ರೇಡಿಯೊಗಳಲ್ಲಿದ್ದಂಥ ಗಾಜಿನ ಕೊಳವೆ) ಆಂಪ್ಲಿಗಳವರೆಗೆ ಜೋಡಿಸಿಟ್ಟು, ಯಾವುದು ನುಡಿಯುತ್ತಿದೆ ಎಂದು ಹೇಳದೆ ಕೇಳಿಸಿದರು. ಫರಕ್ ಇದೆ ಎಂದು ನಂಬಿದವರೂ ಇದ್ದರು, ಇಲ್ಲ ಅನ್ನುವವರೂ ಇದ್ದರು. ಸದ್ದು ಸಮ ಮಾಡಿದ ಮೇಲೆ ಖಚಿತವಾಗಿ ಗುರುತಿಸಲು ಯಾರಿಗೂ ಆಗಲಿಲ್ಲ. ಅಲ್ಲಿಯವರೇ ಆದ ರಿಚರ್ಡ್ ಕ್ಲಾರ್ಕ್ ಎಂಬ ಕಾರ್ ಆಡಿಯೊ ಪರಿಣತ, ಎರಡು ಆಂಪ್ಲಿಗಳ ಫರಕನ್ನು ಕಿವಿಯಿಂದಲೇ ಗುರುತಿಸಿದವರಿಗೆ 10 ಸಾವಿರ ಡಾಲರ್ ಕೊಡುತ್ತೇನೆ ಎಂದು ಸವಾಲು ಹಾಕಿದ್ದ. ಎರಡರ ಸದ್ದೂ ಸಮ ಇರಬೇಕು, ಯಾವುದನ್ನೂ ತಾಕತ್ತು ಮೀರಿ ಓಡಿಸಬಾರದು, ಇಂಥ ಷರತ್ತುಗಳಿದ್ದವು. ವರ್ಷಗಟ್ಟಲೆ ಜನ ಬಂದು ಕೂತು ಹೋದರು. ದುಡ್ಡು ಅವನ ಹತ್ತಿರವೇ ಉಳಿಯಿತು.

ಇಡೀ ವ್ಯಾಪಾರದ ಗುಟ್ಟು ಆ "ಸದ್ದು ಸಮ" ಎಂಬ ಷರತ್ತಿನಲ್ಲಿದೆ. ಎರಡು ಆಂಪ್ಲಿಗಳಲ್ಲಿ ಒಂದು ಅರ್ಧ ಡೆಸಿಬೆಲ್ಲೋ ಒಂದು ಡೆಸಿಬೆಲ್ಲೋ ಜೋರಾಗಿದ್ದರೆ ನಮ್ಮ ಕಿವಿ ಅದನ್ನು ಜೋರು ಅನ್ನುವುದಿಲ್ಲ. "ಇದು ಸ್ಪಷ್ಟ ಇದೆ, ಇದರಲ್ಲಿ ಜೀವ ಇದೆ" ಅನ್ನುತ್ತದೆ. ಶೋರೂಮಿನಲ್ಲಿ ಸುಮ್ನೆ ಇದೊಂದನ್ನು ಗಮನಿಸಿ. ದುಬಾರಿ ಸೆಟ್ಟಿಗೆ ಬದಲಿಸುವಾಗ ವಾಲ್ಯೂಮ್ ಗುಂಡಿ ಎಲ್ಲಿತ್ತು, ಈಗ ಎಲ್ಲಿದೆ? ಸಮ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ಆಂಪ್ಲಿಯ ಮೂಲಕ 60 ಹರ್ಟ್ಸಿನ ಒಂದೇ ಸ್ವರ ನುಡಿಸಿ. ಬಾಕ್ಸಿನ ಹಿಂದೆ ವೈರು ಸೇರುವ ಪ್ಲಸ್-ಮೈನಸ್ ಎರಡಕ್ಕೂ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ನೋಡಿ. ಎರಡೂ ಆಂಪ್ಲಿಗಳಲ್ಲಿ ಅದೇ ಅಂಕಿ ಬರುವ ಹಾಗೆ ವಾಲ್ಯೂಮ್ ಇಡಿ. ಆಮೇಲೆ ಯಾರಿಗಾದರೂ ಗುಟ್ಟಾಗಿ ಬದಲಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿ. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ನಿಮಗೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಇನ್ನು ಕೋಣೆಯ ಮಾತು. ನನಗೆ ಹೇಳಬೇಕಾಗಿರುವುದು ಜಾಸ್ತಿ ಇರುವುದು ಇಲ್ಲೇ.

ನಾವು ಈ ಕಡೆಯವರು ಹೆಚ್ಚಾಗಿ ಕೇಳುವುದು ದನಿ. ಮನ್ಸೂರರು, ಭೀಮಸೇನ ಜೋಶಿ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್. ಗದಗದ ಪುಣ್ಯಾಶ್ರಮದ ಕಡೆಯವರಾದರೆ ಪುಟ್ಟರಾಜ ಗವಾಯಿಗಳು. ದನಿ ಮತ್ತು ತಂಬೂರಿ ಸರಿಯಾಗಿ ಬಂದರೆ ಉಳಿದದ್ದು ಆಮೇಲೆ. ಈಗ ಕಾಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುವ ಗಂಡಸಿನ ದನಿ ತಗೊಳ್ಳಿ. ಷಡ್ಜ ಸುಮಾರು 138 ಹರ್ಟ್ಸ್. ಮಂದ್ರ ಪಂಚಮಕ್ಕೆ ಇಳಿದರೆ 104, ಮಂದ್ರ ಮಧ್ಯಮಕ್ಕೆ ಇಳಿದರೆ 92. ನಮ್ಮ ಹುಡುಗನ ಕೋಣೆಯ ಉದ್ದ 12 ಅಡಿ. ಆ ಅಳತೆಯ ಎದುರುಬದುರು ಗೋಡೆಗಳ ನಡುವೆ 47 ಹರ್ಟ್ಸಿನ ಸದ್ದು ಸಿಕ್ಕಿಬಿದ್ದು ಮೊಳಗುತ್ತದೆ. ಅದರ ದುಪ್ಪಟ್ಟು 94ರಲ್ಲೂ ಅಷ್ಟೇ. 10 ಅಡಿಯ ಅಗಲಕ್ಕೆ 56 ಮತ್ತು 112. ಅಂದರೆ ಗಾಯಕ ಮಂದ್ರದಲ್ಲಿ ಆಲಾಪ ಬೆಳೆಸುವ ಜಾಗದಲ್ಲೇ ಕೋಣೆಯೂ ತನ್ನ ದನಿ ಸೇರಿಸುತ್ತದೆ. ಒಂದು ಸ್ವರ ಗುಂಯ್ ಎಂದು ಉಬ್ಬಿಕೊಳ್ಳುತ್ತದೆ, ಪಕ್ಕದ ಸ್ವರ ಮಾಯ. ಈ ಏರಿಳಿತ 10 ಡೆಸಿಬೆಲ್ ಆಗುವುದು ಏನೂ ವಿಶೇಷ ಅಲ್ಲ. ಎರಡು ಒಳ್ಳೆ ಆಂಪ್ಲಿಗಳ ನಡುವೆ ಅಳೆದರೆ ಸಿಗುವ ಫರಕ್ ಒಂದು ಡೆಸಿಬೆಲ್ಲಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಯಾವುದಕ್ಕೆ ಖರ್ಚು ಮಾಡಬೇಕು, ನೀವೇ ಹೇಳಿ.

ಖರ್ಚೂ ದೊಡ್ಡದಲ್ಲ. ಬಾಕ್ಸುಗಳನ್ನು ಮೂಲೆಯಿಂದ ಒಂದೆರಡು ಅಡಿ ಈಚೆ ಎಳೆಯಲು ದುಡ್ಡು ಬೇಕಾಗಿಲ್ಲ. ಸೋಫಾವನ್ನು ಗೋಡೆ ಬಿಟ್ಟು ಮುಂದೆ ತಂದರೆ ಬೇಸಿನ ಗದ್ದಲ ಅಲ್ಲೇ ಅರ್ಧ ಇಳಿಯುತ್ತದೆ. ಟ್ವೀಟರ್, ಅಂದರೆ ಬಾಕ್ಸಿನಲ್ಲಿ ಮೇಲಿನ ಸ್ವರ ನುಡಿಸುವ ಸಣ್ಣ ಸ್ಪೀಕರ್, ಕಿವಿಯ ಎತ್ತರಕ್ಕೆ ಬರಬೇಕು. ನೆಲಕ್ಕೆ ಒಂದು ನವಲಗುಂದದ ಜಮಖಾನೆ ಹಾಸಿ. ನೋಡಲೂ ಚಂದ, ಟೈಲ್ಸಿನ ಚುರುಕು ಪ್ರತಿಧ್ವನಿಯೂ ತಗ್ಗುತ್ತದೆ. ಆದರೆ ಜಮಖಾನೆ ತೆಳು, ಅದು ಹೀರುವುದು ಮೇಲಿನ ಸ್ವರಗಳನ್ನು ಮಾತ್ರ. ಕೆಳಗಿನವಕ್ಕೆ ದಪ್ಪ ಸಾಮಾನು ಬೇಕು. ಹತ್ತಿಯ ಗಾದಿಯನ್ನು ಹಿಂದಿನ ಗೋಡೆಗೆ ನಿಲ್ಲಿಸಿ ನೋಡಿ, ಮಂದ್ರಕ್ಕೆ ಇಲ್ಲದಿದ್ದರೂ ಷಡ್ಜದ ಮೇಲಿನ ದನಿಗೆ ಒಳ್ಳೆ ಬಿಗಿ ಬರುತ್ತದೆ. ಪುಸ್ತಕ ತುಂಬಿದ ಕಪಾಟು ಇದ್ದರೆ ಇನ್ನೂ ಚಲೋ. ಧಾರವಾಡದ ಹಳೆ ಹೆಂಚಿನ ಮನೆಗಳಲ್ಲಿ ಸಣ್ಣ ಸೆಟ್ಟೂ ಎಷ್ಟು ಹಿತವಾಗಿ ನುಡಿಯುತ್ತದೆ! ಒರಟು ಗೋಡೆ, ಎತ್ತರದ ಹೆಂಚಿನ ಮಾಡು, ಮರದ ಅಟ್ಟ, ಸಾಮಾನು ತುಂಬಿದ ಕೋಣೆ. ಒಂದೂ ನುಣ್ಣಗಿಲ್ಲ, ಇಳಿಜಾರಿನ ಮಾಡು ನೆಲಕ್ಕೆ ಸಮಾಂತರವೂ ಇಲ್ಲ. ಈಗಿನ ಅಪಾರ್ಟ್‌ಮೆಂಟ್ ಅಂದರೆ ಕಾಂಕ್ರೀಟಿನ ಡಬ್ಬಿ.

ಇದೆಲ್ಲ ಮಾಡಿದ ಮೇಲೂ ದುಡ್ಡು ಕೈಯಲ್ಲಿ ಕುಣಿಯುತ್ತಿದ್ದರೆ ಬಾಕ್ಸ್ ಬದಲಿಸಿ. 15 ಸಾವಿರದ ಬಾಕ್ಸಿಗೂ 60 ಸಾವಿರದ ಬಾಕ್ಸಿಗೂ ಇರುವ ಫರಕ್ ಕೇಳಲು ಕಣ್ಣು ಮುಚ್ಚಬೇಕಾಗಿಲ್ಲ, ಪಕ್ಕದ ಕೋಣೆಯಲ್ಲಿ ಪಾತ್ರೆ ತೊಳೆಯುತ್ತಿರುವವರೂ ಹೇಳುತ್ತಾರೆ. ಗಂಗೂಬಾಯಿಯವರ ದನಿ ಹಾಕಿ ಪರೀಕ್ಷೆ ಮಾಡಿ. ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಆಳಕ್ಕೆ ಇಳಿದು, ತೂಕದ್ದಾಯಿತು. ಕೆಟ್ಟ ಬಾಕ್ಸಿನಲ್ಲಿ ಆ ದನಿ ಡೋಲಿನೊಳಗಿಂದ ಬಂದ ಹಾಗಿರುತ್ತದೆ. ಒಳ್ಳೆಯದರಲ್ಲಿ ಅದರ ಒರಟುತನ, ಉಸಿರು, ಬಿಗಿ ಎಲ್ಲ ಬೇರೆ ಬೇರೆಯಾಗಿ ಕೇಳುತ್ತವೆ. ಒಂದು ಮಾತು ನೆನಪಿಡಿ. ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿಕೊಂಡ ಮೂರು-ನಾಲ್ಕು ನಿಮಿಷದ ಹಾಡುಗಳಲ್ಲಿ, ಆಕಾಶವಾಣಿಯ ಮೀಡಿಯಂ ವೇವ್‌ನಿಂದ ಹಿಡಿದ ರೆಕಾರ್ಡಿಂಗುಗಳಲ್ಲಿ, 5 ಸಾವಿರ ಹರ್ಟ್ಸಿನಿಂದ ಮೇಲೆ ಹೆಚ್ಚೇನೂ ಉಳಿದಿರುವುದಿಲ್ಲ. ಇಲ್ಲದ್ದನ್ನು ಯಾವ ಆಂಪ್ಲಿಯೂ ಹುಟ್ಟಿಸುವುದಿಲ್ಲ.

ಹಾಗಾದರೆ ಆಂಪ್ಲಿ ಬದಲಿಸಲೇಬಾರದಾ? ಬದಲಿಸಬೇಕಾದ ಸಂದರ್ಭಗಳೂ ಇವೆ. ಬಾಕ್ಸಿನ ಸೆನ್ಸಿಟಿವಿಟಿ 82-83 ಇದ್ದು, ಕೋಣೆಯ ಬದಲು ದೊಡ್ಡ ಹಾಲಿದ್ದರೆ ವ್ಯಾಟ್ ಬೇಕು. ಬಾಕ್ಸಿನ ವಿದ್ಯುತ್ ತಡೆ 4 ಓಮ್‌ಗಿಂತ ಕೆಳಗೆ ಇಳಿಯುವಂಥದ್ದಾದರೆ ಹಗುರ ಆಂಪ್ಲಿ ಬಿಸಿಯೇರಿ ಕೂರುತ್ತದೆ. ಸಣ್ಣ ಆಂಪ್ಲಿಯನ್ನು ಕೊನೆವರೆಗೂ ತಿರುಗಿಸಿ ಹಿಂಡಿದರೆ ಮೊದಲು ಸುಡುವುದು ಟ್ವೀಟರ್. ಗಣಪತಿ ಹಬ್ಬದಲ್ಲಿ ಮೈಕ್ ಸೆಟ್ಟಿನವರನ್ನು ಕೇಳಿ, ಅವರು ಚೆನ್ನಾಗಿ ಹೇಳುತ್ತಾರೆ. ವಾಲ್ವ್ ಆಂಪ್ಲಿಗಳ ದಾರಿ ಬೇರೆ. ಹೆಚ್ಚಿನವು ಬಾಕ್ಸಿನ ಸ್ವಭಾವಕ್ಕೆ ತಕ್ಕಂತೆ ಸ್ವರಗಳನ್ನು ಅಷ್ಟಿಷ್ಟು ಏರಿಳಿಸುತ್ತವೆ, ತಮ್ಮದೊಂದು ಡಿಸ್ಟಾರ್ಷನ್ ಕೂಡಿಸುತ್ತವೆ. ಅದು ಕಿವಿಗೆ ಗೊತ್ತಾಗುವುದೂ ಉಂಟು, ಹಲವರಿಗೆ ಇಷ್ಟವೂ ಆಗುತ್ತದೆ. ಅದನ್ನು ರುಚಿ ಅನ್ನಿ, ನನಗೆ ತಕರಾರಿಲ್ಲ. ಶುದ್ಧ ಅನ್ನಬೇಡಿ. ಒಳಗಿನ ಸರ್ಕ್ಯೂಟ್ ನೋಡಿ ಆಂಪ್ಲಿಗಳನ್ನು ಕ್ಲಾಸ್ ಎ, ಕ್ಲಾಸ್ ಡಿ ಎಂದೆಲ್ಲ ವಿಂಗಡಿಸುತ್ತಾರೆ. ಕ್ಲಾಸ್ ಎ ಆಂಪ್ಲಿ ತಗೊಳ್ಳುವವರಿಗೆ ಒಂದು ಎಚ್ಚರಿಕೆ ಕೊಡುತ್ತೇನೆ. ಹಾಡು ನಿಂತಾಗಲೂ ಅದು ಪೂರ್ತಿ ಕರೆಂಟ್ ಎಳೆದು ಶಾಖ ಮಾಡುತ್ತಿರುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಅದನ್ನು ಪಕ್ಕದಲ್ಲಿಟ್ಟುಕೊಂಡು ಕೂರುವವರು ಕೂರಲಿ. ಕ್ಲಾಸ್ ಡಿ ಅಂದರೆ ಮೂಗು ಮುರಿಯುತ್ತಾರೆ. ಎಳೆದ ಕರೆಂಟಿನಲ್ಲಿ ನೂರಕ್ಕೆ 90ರಷ್ಟನ್ನು ಅದು ಬಾಕ್ಸಿಗೇ ಕೊಡಬಲ್ಲದು, ಚೆನ್ನಾಗಿ ಮಾಡಿದ್ದರೆ ಸದ್ದೂ ಶುದ್ಧವೇ ಇರುತ್ತದೆ.

ಅಂದ ನೋಡಿ ತಗೊಂಡರೂ ತಪ್ಪೇನಿಲ್ಲ. ದಪ್ಪ ಅಲ್ಯೂಮಿನಿಯಂ ಮೈ, ಬೆಣ್ಣೆಯ ಹಾಗೆ ತಿರುಗುವ ಗುಂಡಿ, ಹಳದಿ ದೀಪದ ಮೀಟರಿನ ಮುಳ್ಳುಗಳು. ನನಗೂ ಆಸೆ ಆಗುತ್ತದೆ. "ಆಸೆ ಆಯ್ತು, ತಗೊಂಡೆ" ಅಂದರೆ ಮುಗೀತು. ಅದಕ್ಕೆ ಸದ್ದಿನ ನೆಪ ಯಾಕೆ?

ಒಂದು ಹಳೆ ಕಾಟದ ಬಗ್ಗೆಯೂ ಹೇಳಬೇಕು. ಹಾಡು ಇಲ್ಲದಾಗಲೂ ಬಾಕ್ಸಿನಿಂದ ಗೂಂ ಎಂದು ಬರುತ್ತಿದ್ದರೆ ಜನ ಆಂಪ್ಲಿ ಕೆಟ್ಟಿತು ಅನ್ನುತ್ತಾರೆ. ತಂಬೂರಿ ಕೇಳಬೇಕಾದಲ್ಲಿ ಕರೆಂಟಿನ ತಂಬೂರಿ ಕೇಳುತ್ತಿರುತ್ತದೆ. ಬಹಳ ಸಲ ಕಾರಣ ಆಂಪ್ಲಿ ಅಲ್ಲ. ಟಿವಿಯ ಕೇಬಲ್ ವೈರು ಒಂದು ಕಡೆಯಿಂದ, ಮನೆಯ ಅರ್ಥಿಂಗ್ ಇನ್ನೊಂದು ಕಡೆಯಿಂದ ಬಂದು ಸುತ್ತು ಹಾಕಿಕೊಂಡಿರುತ್ತವೆ. ಕೇಬಲ್ ವೈರು ಕಿತ್ತು ನೋಡಿ, ಗೂಂ ನಿಂತರೆ ರೋಗ ಸಿಕ್ಕಿತು. ಟಿವಿ, ಆಂಪ್ಲಿ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ. ಅರ್ಥಿಂಗ್ ಗುಂಡಿ ಒಣಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ. ಗೂಂ ನಿಲ್ಲಲಿ ಎಂದು ಅರ್ಥ್ ಪಿನ್ ಮಾತ್ರ ಮುರಿಯಬೇಡಿ, ಜೀವಕ್ಕೆ ಅಪಾಯ.

ಇನ್ನು ಸೆಕೆಂಡ್ ಹ್ಯಾಂಡ್. ನಮ್ಮ ಹುಡುಗನಿಗೆ ಕೊನೆಗೆ ನಾನು ಹೇಳಿದ್ದು ಇದನ್ನೇ. ಆಂಪ್ಲಿ ಬದಲಿಸಲೇಬೇಕೆಂಬ ಕಡಿತ ಇಳಿಯದಿದ್ದರೆ ಹಳೆಯದೊಂದು ಹುಡುಕು, ಸೋತರೂ ಸ್ವಲ್ಪದರಲ್ಲೇ ಸೋಲುತ್ತೀ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಹೆದರಬೇಡ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಎರಡೂ ಕಡೆ ಸದ್ದು ಸಮ ಇದೆಯಾ ಕೇಳು. ಮುಚ್ಚಳ ತೆಗೆಸಿ ದೊಡ್ಡ ಕೆಪ್ಯಾಸಿಟರುಗಳ ತಲೆ ಉಬ್ಬಿದೆಯಾ ನೋಡು. ಅರ್ಧ ತಾಸು ನುಡಿಸಿ ಮೈ ಮುಟ್ಟು, ಒಂದು ಕಡೆ ಮಾತ್ರ ಸುಡುತ್ತಿದ್ದರೆ ಅಲ್ಲೇ ಬಿಟ್ಟು ಬಾ. ಅವನು ಹೂಂ ಅಂದ. ಮರುದಿನ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು, ಸೋಫಾ ಗೋಡೆ ಬಿಟ್ಟು ಮುಂದೆ ಬಂದಿದೆ. ಕೆಳಗೆ ಬರೆದಿದ್ದ: "ಮಾಮಾ, ಇಲ್ಲಿ ಇಟ್ಟರ ಅವ್ವ ಬೈತಾಳ."