ಪ್ರಿಂಟ್ ಮಾಡಿದ ಅಂಗಾಂಶ ಕೂತಿದೆ ಸರಿ, ಬದುಕಿದೆಯೇ?

ಬಯೋಪ್ರಿಂಟ್ ಮಾಡಿದ, ಅಂದರೆ ಜೀವಕೋಶ ಬೆರೆಸಿದ ಜೆಲ್ಲನ್ನು 3ಡಿ ಪ್ರಿಂಟರಿನಲ್ಲಿ ಪದರ ಪದರವಾಗಿ ಕೂಡಿಸಿ ಮಾಡಿದ ಅಂಗಾಂಶವನ್ನು ದೇಹದೊಳಗೆ ಕೂರಿಸಿ, ಆಮೇಲೆ ತಿಂಗಳಿಗೊಮ್ಮೆ ಸ್ಕ್ಯಾನ್ ತೆಗೆದು 'ಆಕಾರ ಹಾಗೇ ಇದೆ' ಅಂತ ಬರೆದರೆ ಸಾಲದು. ಒಳಗಿನ ಜೀವಕೋಶಗಳೆಲ್ಲ ಸತ್ತಿದ್ದರೂ ಆಕಾರ ವಾರಗಟ್ಟಲೆ ಕೆಡದೆ ಇರಬಹುದು. ಮೊದಲು ನೋಡಬೇಕಾದ್ದು ಒಳಕ್ಕೆ ರಕ್ತ ಹರಿಯುತ್ತಿದೆಯೇ ಅಂತ, ಅದೂ ಮೊದಲ ಎರಡು ವಾರದಲ್ಲೇ.

ಆಮ್ಲಜನಕ ರಕ್ತನಾಳದಿಂದ ಸುಮಾರು 100ರಿಂದ 200 ಮೈಕ್ರಾನ್ ದೂರದವರೆಗಷ್ಟೇ ಹರಡುತ್ತದೆ. ಅರ್ಧ ಸೆಂಟಿಮೀಟರ್ ದಪ್ಪದ ತುಂಡಿನ ನಡುಭಾಗಕ್ಕೆ ನಾಳ ಬರುವುದು ತಡವಾದರೆ ಅಲ್ಲಿನ ಕೋಶಗಳು ಉಳಿಯುವುದು ಕಷ್ಟ. ಮೃದ್ವಸ್ಥಿಯ ಲೆಕ್ಕ ಬೇರೆ, ಅದರೊಳಗೆ ರಕ್ತನಾಳವೇ ಇರುವುದಿಲ್ಲ. 2022ರಲ್ಲಿ ಅಮೆರಿಕದಲ್ಲಿ ರೋಗಿಯದೇ ಕೋಶಗಳಿಂದ ಪ್ರಿಂಟ್ ಮಾಡಿ ಕೂರಿಸಿದ ಹೊರಕಿವಿಯಂಥದ್ದಕ್ಕೆ ಆಕಾರದ ಅಳತೆಗೂ ಬೆಲೆಯಿದೆ. ಸ್ನಾಯು, ಮೂಳೆ, ಯಕೃತ್ತಿಗೆ ಆ ಮಾತು ಒಪ್ಪುವುದಿಲ್ಲ.

ಕೋಶಗಳನ್ನು ಹಿಡಿದಿಡುವ ಆ ಜೆಲ್, ಅಂದರೆ ಹೈಡ್ರೋಜೆಲ್, ಬಹುಪಾಲು ನೀರು. ಹಾಗಾಗಿ ಸಿಟಿಯಲ್ಲಿ ಅದು ಸುತ್ತಲಿನ ಮಾಂಸದಲ್ಲಿ ಕಲೆತುಹೋಗುತ್ತದೆ. ಎಂಆರ್‌ಐಯಲ್ಲಿ ಕಾಣುತ್ತದೆ, ಆದರೆ ನೀರನ್ನು ಬೆಳ್ಳಗೆ ತೋರಿಸುವ ಟಿ2 ಎಂಬ ಬಗೆಯ ಚಿತ್ರದಲ್ಲಿ ಜೆಲ್ಲೂ ಬೆಳ್ಳಗೆ, ಪಕ್ಕದಲ್ಲಿ ತುಂಬಿಕೊಂಡ ನೀರೂ ಬೆಳ್ಳಗೆ. ಎಂಆರ್‌ಐಯಲ್ಲಿ ರಕ್ತ ಹೊಳೆಯಲೆಂದು ಚುಚ್ಚುವ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಮದ್ದು ಕೊಡೋಣವೆಂದರೆ ಅದರ ಅಣು ಚಿಕ್ಕದು. ಅಕ್ಕಪಕ್ಕದ ನಾಳಗಳಿಂದ ಸೋರಿ ಜೆಲ್ಲಿಗೆ ತಾನೇ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ತೆಗೆದ ಚಿತ್ರ ಹೊಳೆದರೆ ಒಳಗೆ ರಕ್ತ ಬಂತೆಂದು ಹೇಳಲಾಗದು. ಕೆಲವೇ ಸೆಕೆಂಡಿಗೊಂದರಂತೆ ಚಿತ್ರ ತೆಗೆದು, ಮೊದಲ ಒಂದೆರಡು ನಿಮಿಷದ ಏರಿಕೆಯನ್ನು ಹಿಡಿಯಬೇಕು.

ಚರ್ಮಕ್ಕೆ ಹತ್ತಿರದ ತುಂಡಿಗೆ ನನ್ನ ಮತ ರಕ್ತಕ್ಕೆ ಅನಿಲದ ಸೂಕ್ಷ್ಮಗುಳ್ಳೆಗಳ ಕಾಂಟ್ರಾಸ್ಟ್ ಕೊಟ್ಟು ಮಾಡುವ ಅಲ್ಟ್ರಾಸೌಂಡಿಗೆ. ಈ ಗುಳ್ಳೆಗಳು ಕೆಂಪು ರಕ್ತಕಣದಷ್ಟೋ ಅದಕ್ಕಿಂತ ಚಿಕ್ಕವೋ ಇರುತ್ತವೆ, ನಾಳ ಬಿಟ್ಟು ಹೊರಗೆ ಹೋಗುವುದಿಲ್ಲ. ತುಂಡಿನ ನಡುವೆ ಗುಳ್ಳೆ ಕಂಡರೆ ಅಲ್ಲಿಗೆ ರಕ್ತ ಬಂದಿದೆ ಎಂದೇ ಲೆಕ್ಕ. ಕೆಡುವುದು ಕೈಕೆಲಸದಲ್ಲಿ. ಸಪೂರ ಸೂಜಿಯಲ್ಲಿ ಒತ್ತಿ ತಳ್ಳಿದರೆ ಗುಳ್ಳೆ ಒಡೆಯುತ್ತವೆ. 20 ಗೇಜ್ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಇರಲಿ, ಹಿಂದೆಯೇ 5 ಮಿಲಿ ಸಲೈನ್ ಹೋಗಲಿ. ಮೆಕ್ಯಾನಿಕಲ್ ಇಂಡೆಕ್ಸ್ (ಧ್ವನಿಯಲೆಯ ಒತ್ತಡದ ಅಳತೆ) ಜಾಸ್ತಿ ಇಟ್ಟರೂ ಒಡೆಯುತ್ತವೆ. ಎಲ್ಲಕ್ಕಿಂತ ಮುಖ್ಯ, ಚರ್ಮದ ಮೇಲಿಡುವ ಪ್ರೋಬ್ ಅದುಮಬೇಡಿ. ಹೊಸ ನಾಳಗಳು ಎಷ್ಟು ಮೆದುವೆಂದರೆ ಬೆರಳಿನ ಭಾರಕ್ಕೇ ಮುಚ್ಚಿಕೊಳ್ಳುತ್ತವೆ, ಬದುಕಿರುವ ಅಂಗಾಂಶವೂ ಪರದೆಯ ಮೇಲೆ ಸತ್ತಂತೆ ಕಾಣುತ್ತದೆ. ಚರ್ಮದ ಮೇಲೆ ಅಲ್ಟ್ರಾಸೌಂಡ್ ಜೆಲ್ ದಪ್ಪಗೆ ಹಾಕಿ, ಪ್ರೋಬನ್ನು ಅದರ ಮೇಲೆ ತೇಲಿಸಿ ಹಿಡಿಯಿರಿ.

ಕೋಶಗಳಿಗೆ ಮೊದಲೇ ಕಬ್ಬಿಣದ ಕಣ ತುಂಬಿಸಿ ಎಂಆರ್‌ಐಯಲ್ಲಿ ಹುಡುಕುವ ದಾರಿಯೂ ಇದೆ. ಬದುಕಿದೆಯೇ ಎಂದು ತಿಳಿಯಲು ಅದನ್ನೊಂದೇ ನಂಬುವುದು ತಪ್ಪು. ಕೋಶ ಸತ್ತಾಗ ಆ ಕಣಗಳನ್ನು ದೇಹದ ಕಸ ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ನುಂಗುತ್ತವೆ, ಚಿತ್ರದಲ್ಲಿ ಕಬ್ಬಿಣದ ಕಪ್ಪು ಕಲೆ ಅಲ್ಲೇ ಉಳಿಯುತ್ತದೆ.

ಯಾವ ವಿಧಾನವಾದರೂ ಮೊದಲ ಚಿತ್ರವನ್ನು ಕೂರಿಸಿದ 48 ಗಂಟೆಯೊಳಗೆ ತೆಗೆದಿಡಿ. ಪ್ರೋಬ್, ಗೇನ್ (ಚಿತ್ರದ ಹೊಳಪಿನ ಮಟ್ಟ), ಚರ್ಮದ ಮೇಲಿನ ಗುರುತು ಎಲ್ಲವನ್ನೂ ಬರೆದಿಡಿ. ಅದಿಲ್ಲದಿದ್ದರೆ ಮೂರನೇ ವಾರದಲ್ಲಿ ಕಂಡ ಖಾಲಿ ಜಾಗ ಮೊದಲಿಂದಲೂ ಇತ್ತೋ, ಈಗ ಆಯಿತೋ ಹೇಳಲು ಬರುವುದಿಲ್ಲ.