ಗಾಜಿನಾಚೆಯ ವಕೀಲರು

ಉದ್ಯಮಿಗಳಿಗಾಗಿ ಹೊಸದೊಂದು ತರಬೇತಿ ಬಂದಿದೆ, ಅಣಕು ದಾಳಿ. ದೊಡ್ಡ ಕಾನೂನು ಸಂಸ್ಥೆಗಳು ಒಳ್ಳೆಯ ಶುಲ್ಕ ಪಡೆದು ಇದನ್ನು ಕಲಿಸುತ್ತವೆ. ಬಾಗಿಲಲ್ಲಿ ಅಧಿಕಾರಿಗಳು ನಿಂತರೆ ಗುರುತಿನ ಚೀಟಿ ನೋಡಿ, ವಾರಂಟ್ ಓದಿ, ಸಭಾಕೊಠಡಿಯಲ್ಲಿ ಕೂರಿಸಿ, ಕಡತ ಹರಿಯುವ ಯಂತ್ರದ ಕಡೆ ಕಣ್ಣೆತ್ತಿಯೂ ನೋಡಬೇಡಿ, ಕೂಡಲೇ ವಕೀಲರಿಗೆ ಫೋನ್ ಮಾಡಿ. ಸಲಹೆಗಳಲ್ಲಿ ಕೊರತೆಯೇನಿಲ್ಲ. ಬಂದವರು ಮೊದಲು ಕೈಹಾಕುವುದೇ ಫೋನಿಗೆ ಎಂಬುದನ್ನು ಮಾತ್ರ ಹೇಳಿಕೊಡುವುದಿಲ್ಲ.

ಪೀಣ್ಯದಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಯಜಮಾನರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಬೆಳಗಿನ ಏಳು ಗಂಟೆ. ತಂಡ ಒಳಗೆ ಬಂದಿದೆ. ಶೋಧ ನಡೆಸುವಾಗ ಆ ಪ್ರದೇಶದ ಇಬ್ಬರು ಸ್ವತಂತ್ರ, ಗೌರವಾನ್ವಿತ ನಿವಾಸಿಗಳು ಸಾಕ್ಷಿಗಳಾಗಿರಬೇಕು ಎನ್ನುತ್ತದೆ ಕಾನೂನು. ಪೀಣ್ಯದ ಗೌರವಾನ್ವಿತರೆಲ್ಲ ಆ ಹೊತ್ತಿಗೆ ಹೊದಿಕೆಯೊಳಗಿರುವುದರಿಂದ ಎದುರಿನ ಟೀ ಅಂಗಡಿಯ ಹುಡುಗ ಮತ್ತು ಅಲ್ಲಿ ಟೀ ಕುಡಿಯುತ್ತಿದ್ದ ಆಟೊ ಚಾಲಕ ಹತ್ತು ನಿಮಿಷದಲ್ಲಿ ಪಂಚರಾಗಿ ಬಡ್ತಿ ಪಡೆಯುತ್ತಾರೆ. ಸಂಜೆಯವರೆಗೂ ಗೋಡೆಗೊರಗಿ ನಿಂತು, ಓದಿರದ ಮಹಜರಿಗೆ ಪುಟಪುಟಕ್ಕೂ ರುಜು ಹಾಕುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧ, ಜಪ್ತಿಗಳ ವಿಡಿಯೊ ಚಿತ್ರೀಕರಣ ಆಗಲೇಬೇಕು. ಹಾಗಾಗಿ ತಂಡದ ಮೊಬೈಲ್ ಕ್ಯಾಮೆರಾ ಓಡುತ್ತಿರುತ್ತದೆ, ಯಜಮಾನರ ಸಿಸಿಟಿವಿಯ ದೃಶ್ಯ ದಾಖಲಿಸುವ ಡಿವಿಆರ್ ಮಾತ್ರ ಜಪ್ತಿ ಚೀಲದಲ್ಲಿ ತಣ್ಣಗೆ ಮಲಗಿರುತ್ತದೆ.

‘ಸ್ವಾಮಿ, ಯಾಕೆ ಬಂದಿರಿ?’ ಎಂದು ಯಜಮಾನರು ಕೇಳಬಾರದೇ? ಧಾರಾಳವಾಗಿ ಕೇಳಬಹುದು. ಬಂದವರು ಆದಾಯ ತೆರಿಗೆಯವರಾಗಿದ್ದರೆ, ದಾಳಿಗೆ ‘ನಂಬಲು ಕಾರಣ’ ಇರಲೇಬೇಕು, ಅದನ್ನು ಬರೆದಿಟ್ಟಿರಲೂ ಬೇಕು. ಆದರೆ ಆ ಕಾರಣವನ್ನು ಯಾರಿಗೂ, ಮೇಲ್ಮನವಿ ನ್ಯಾಯಮಂಡಳಿಗೂ ತಿಳಿಸಬೇಕಾಗಿಲ್ಲ ಎಂದು 2017ರ ಹಣಕಾಸು ಕಾಯ್ದೆ ವಿವರಣೆ ಸೇರಿಸಿತು. ಅದೂ 1962ರಿಂದಲೇ ಅನ್ವಯವಾಗುವಂತೆ. ಐವತ್ತೈದು ವರ್ಷಗಳ ಹಿಂದೆ ‘ಯಾಕೆ’ ಎಂದು ಕೇಳಿದ್ದ ಅಜ್ಜನ ಬಾಯಿಗೂ ಒಂದೇ ಏಟಿಗೆ ಬೀಗ ಬಿತ್ತು.

ಬಂದವರು ಜಾರಿ ನಿರ್ದೇಶನಾಲಯದವರಾಗಿದ್ದರೆ, ಅಂದರೆ ಹಣ ಅಕ್ರಮ ವರ್ಗಾವಣೆ ತನಿಖೆ ಮಾಡುವ ಇ.ಡಿ.ಯವರಾಗಿದ್ದರೆ ಇನ್ನೂ ಸೊಗಸು. ಅವರು ಪೊಲೀಸರಲ್ಲ. 2022ರ ಜುಲೈ 27ರಂದು ಸುಪ್ರೀಂ ಕೋರ್ಟ್ ಹಾಗೆಂದು ಹೇಳಿಯಾಗಿದೆ. ಪೊಲೀಸರಲ್ಲದ ಕಾರಣ ಅವರ ಮುಂದೆ ಕೊಟ್ಟ ಹೇಳಿಕೆ ಸಾಕ್ಷ್ಯವಾಗಿ ನಿಲ್ಲುತ್ತದೆ. ಅವರು ದಾಖಲಿಸುವ ಇಸಿಐಆರ್ ಎಫ್‌ಐಆರ್ ಅಲ್ಲ, ಇಲಾಖೆಯ ಆಂತರಿಕ ದಾಖಲೆ. ಅದರ ಪ್ರತಿಯನ್ನು ಆರೋಪಿಗೆ ಕೊಡಲೇಬೇಕೆಂದಿಲ್ಲ. ಬಂಧಿಸುವ ಅಧಿಕಾರ ಮಾತ್ರ ಇದೆ. ಬಂಧಿಸಿದ ಮೇಲೆ ಜಾಮೀನು ಬೇಕಿದ್ದರೆ, ‘ಈತ ತಪ್ಪಿತಸ್ಥನಲ್ಲ’ ಎಂದು ನಂಬಲು ಸಕಾರಣವಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಪ್ರಕರಣದ ಮೂಲ ಕಾಗದವಾದ ಇಸಿಐಆರ್ ನೋಡದೆಯೇ ಆ ತಪ್ಪು ತಾನು ಮಾಡಿಲ್ಲವೆಂದು ವಾದಿಸುವುದು ಹೇಗೆ? ಯಜಮಾನರ ವಕೀಲರು ಅದಕ್ಕೆಂದೇ ಹೆಚ್ಚು ಶುಲ್ಕ ಪಡೆಯುತ್ತಾರೆ.

2014ರಿಂದ ಹತ್ತು ವರ್ಷಗಳಲ್ಲಿ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ 5,297 ಪ್ರಕರಣ ದಾಖಲಾಗಿ 40ರಲ್ಲಿ ಶಿಕ್ಷೆಯಾಗಿದೆ ಎಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿತು. ಖುಲಾಸೆಯಾದವು ಮೂರು. ತೀರ್ಪು ಬಂದದ್ದರಲ್ಲಿ ಶೇಕಡ ತೊಂಬತ್ತಕ್ಕೂ ಹೆಚ್ಚು ಗೆದ್ದಿದ್ದೇವೆ ಎಂಬ ಹೆಮ್ಮೆ ಸುಳ್ಳೇನಲ್ಲ. 43ಕ್ಕೆ 40 ಎಂದರೆ ಡಿಸ್ಟಿಂಕ್ಷನ್. ಉಳಿದ ಐದು ಸಾವಿರ ಚಿಲ್ಲರೆ ಉತ್ತರಪತ್ರಿಕೆಗಳನ್ನು ಆಗಿನ್ನೂ ತಿದ್ದಿರಲಿಲ್ಲ, ಅಷ್ಟೇ.

ಕಳ್ಳ ಉದ್ಯಮಿಗಳ ಮೇಲೆ ನನಗೆ ಎಳ್ಳಷ್ಟೂ ಕರುಣೆಯಿಲ್ಲ. ಬ್ಯಾಂಕುಗಳಿಗೆ ಸಾವಿರಾರು ಕೋಟಿ ಬಾಕಿ ಉಳಿಸಿ 2016ರ ಮಾರ್ಚ್‌ನಲ್ಲಿ ಲಂಡನ್ನಿಗೆ ಹಾರಿದ ನಮ್ಮ ಬೆಂಗಳೂರಿನ ವಿಜಯ್ ಮಲ್ಯರಂಥವರಿಗೆ ದಾಳಿಯ ಬಿಸಿ ತಟ್ಟಲಿ. ಆದರೆ ಬೆಳಗಿನ ಏಳು ಗಂಟೆಗೆ ಕೈಗೆ ಸಿಗುವುದು ಮನೆಯಲ್ಲಿರುವವರು ಮಾತ್ರ.

ವಿಚಾರಣೆ ರಾತ್ರಿಗೂ ಮುಂದುವರಿಯಬಹುದು. 64 ವರ್ಷದ ಉದ್ಯಮಿಯೊಬ್ಬರನ್ನು 2023ರ ಆಗಸ್ಟ್‌ನಲ್ಲಿ ಇ.ಡಿ. ದೆಹಲಿಯಲ್ಲಿ ನಡುರಾತ್ರಿ ದಾಟಿ ಬೆಳಗಿನ ಜಾವದವರೆಗೆ ಪ್ರಶ್ನಿಸಿತ್ತು. ಅವರೇ ಒಪ್ಪಿದ್ದರು ಎಂಬುದು ಇಲಾಖೆಯ ಸಮಜಾಯಿಷಿ. ನಿದ್ರೆ ಮನುಷ್ಯನ ಮೂಲಭೂತ ಅಗತ್ಯ, ಒಪ್ಪಿಗೆಯ ಮಾತು ಇಲ್ಲಿ ನಡೆಯದು ಎಂದು 2024ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಚೆನ್ನಾಗಿಯೇ ಛೀಮಾರಿ ಹಾಕಿತು. ಜೊತೆಗೆ ಆ ಉದ್ಯಮಿಯ ಅರ್ಜಿಯನ್ನೂ ವಜಾ ಮಾಡಿತು.

ಇಷ್ಟೆಲ್ಲ ನಡೆಯುವಾಗ ವಕೀಲರು ಎಲ್ಲಿರುತ್ತಾರೆ? ಇಂಥ ವಿಚಾರಣೆಯ ವೇಳೆ ವಕೀಲರು ಪಕ್ಕದಲ್ಲಿರಬೇಕೆಂಬ ಹಕ್ಕು ಇಲ್ಲ ಎಂದು ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. 2011ರಲ್ಲಿ, ಹೃದ್ರೋಗಿಯೊಬ್ಬರ ಪ್ರಕರಣದಲ್ಲಿ, ಕೊಂಚ ಕರಗಿತು. ವಕೀಲರು ದೂರದಿಂದಲೋ ಗಾಜಿನ ತಡೆಯ ಆಚೆಯಿಂದಲೋ ನೋಡಬಹುದು, ಆದರೆ ಮಾತು ಕಿವಿಗೆ ಬೀಳಬಾರದು, ಕಕ್ಷಿದಾರ ಅವರೊಡನೆ ಸಮಾಲೋಚಿಸಲೂಬಾರದು. ಕಾಣುವಷ್ಟು ಹತ್ತಿರ, ಕೇಳಿಸದಷ್ಟು ದೂರ ಎಂಬ ಈ ಅಳತೆ ಆಮೇಲೆ ತೆರಿಗೆ, ಸುಂಕದ ಪ್ರಕರಣಗಳಲ್ಲೂ ಚಲಾವಣೆಗೆ ಬಂದಿತು. ಒಳಗೆ ಯಜಮಾನರು ತಪ್ಪು ಉತ್ತರ ಕೊಡುತ್ತಿದ್ದಾರೆ. ಹೊರಗೆ ಕರಿಕೋಟಿನವರು ಅವರ ತುಟಿ ನೋಡುತ್ತ, ಅದು ‘ಹೌದು’ ಇರಬಹುದೇ ‘ಗೊತ್ತಿಲ್ಲ’ ಇರಬಹುದೇ ಎಂದು ಊಹಿಸುತ್ತಿದ್ದಾರೆ. ಒಮ್ಮೆ ಕೈಯೆತ್ತಿ ಸನ್ನೆ ಮಾಡುತ್ತಾರೆ. ಯಜಮಾನರು ಅದನ್ನು ನಮಸ್ಕಾರವೆಂದುಕೊಂಡು ತಾವೂ ಕೈಮುಗಿಯುತ್ತಾರೆ.

ಗಾಜಿನಾಚೆ ಕೂತವರಿಗೂ ಮೈಮರೆಯುವಂತಿಲ್ಲ. 2025ರ ಜೂನ್‌ನಲ್ಲಿ ಕಂಪನಿಯೊಂದಕ್ಕೆ ಕಾನೂನು ಅಭಿಪ್ರಾಯ ಬರೆದುಕೊಟ್ಟದ್ದಕ್ಕೆ ಹಿರಿಯ ವಕೀಲ ಅರವಿಂದ ದಾತಾರ್ ಅವರಿಗೇ ಇ.ಡಿ. ಸಮನ್ಸ್ ಹೋಯಿತು. ಗದ್ದಲವೆದ್ದು ಸಮನ್ಸ್ ಹಿಂದಕ್ಕೆ ಬಂತು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯ ಕೈಗೆತ್ತಿಕೊಂಡು ಅಕ್ಟೋಬರ್ 31ರಂದು ತೀರ್ಪಿತ್ತಿತು. ಸಾಕ್ಷ್ಯ ಕಾಯ್ದೆ ಹೇಳಿದ ವಿನಾಯಿತಿಗಳಿಗೆ ಸೇರದ ಹೊರತು ಕಕ್ಷಿದಾರನ ವಿವರ ಕೇಳಿ ವಕೀಲರಿಗೆ ಸಮನ್ಸ್ ಕೊಡುವಂತಿಲ್ಲ, ಕೊಡುವುದಿದ್ದರೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಬೇಕು. ಉತ್ತಮ ತೀರ್ಪು. ಆದರೆ ಕಂಪನಿಯಲ್ಲಿ ಸಂಬಳಕ್ಕಿರುವ ಕಾನೂನು ಅಧಿಕಾರಿಗೆ ವಕೀಲರ ಆ ರಕ್ಷಣೆ ಅನ್ವಯಿಸದು ಎಂದೂ ಅದರಲ್ಲಿದೆ. ಏಳು ಗಂಟೆಗೆ ತಂಡ ಬಂದಾಗ ಕಟ್ಟಡದ ಒಳಗಿರುವುದು, ಯಜಮಾನರ ಕಿವಿಗೆ ಎಟಕುವುದು ಆತನೊಬ್ಬನೇ.

ಪೀಣ್ಯದ ನಮ್ಮ ಕಂಪನಿಯ ಕಾನೂನು ಅಧಿಕಾರಿ ಈಗ ತನ್ನ ಸಲುವಾಗಿಯೇ ಹೊರಗಿನ ವಕೀಲರೊಬ್ಬರನ್ನು ಹುಡುಕಿಕೊಂಡಿದ್ದಾನೆ. ಶುಲ್ಕ ಗಂಟೆ ಲೆಕ್ಕದಲ್ಲಿ. ಕೋರ್ಟಿನಲ್ಲಿ ವಾದಿಸಿದರೂ ಅಷ್ಟೇ, ಗಾಜಿನಾಚೆ ಸುಮ್ಮನೆ ಕೂತರೂ ಅಷ್ಟೇ.